ಬೇರೆ ಕೈಯ ಮಡಿಕೆ

ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ್ದ ಚೀಲದೊಳಗೆ ಮೂವತ್ತೊಂದು ಚೀಲಗಳಿರಬೇಕಿತ್ತು. ಐಸಿಲ್ಡಾ ಎರಡು ಸಲ ಎಣಿಸಿದಳು. ಮೂವತ್ತೊಂದೇ ಇದ್ದವು. ಆದರೆ ಅವುಗಳಲ್ಲಿ ಒಂದನ್ನು ಮಡಿಸಿದ್ದು ಅವಳಲ್ಲ.

ಪ್ಲಾಸ್ಟಿಕ್ ಚೀಲ ಮಡಿಸುವುದರಲ್ಲೂ ಒಬ್ಬೊಬ್ಬರದು ಒಂದೊಂದು ಕೈ. ಐಸಿಲ್ಡಾಳದು ತಾಯಿಯಿಂದ ಬಂದದ್ದು. ಚೀಲವನ್ನು ತೊಳೆದು, ಬಟ್ಟೆ ಹಗ್ಗಕ್ಕೆ ಕ್ಲಿಪ್ ಹಾಕಿ ತಲೆಕೆಳಗಾಗಿ ಒಣಗಿಸಿ, ಪಟ್ಟಿಯಂತೆ ಉದ್ದಕ್ಕೆ ಮಡಿಚಿ, ಬುಡದಿಂದ ಮೂಲೆಗೆ ಮೂಲೆ ಸೇರಿಸುತ್ತ ಬಂದು, ಕಡೆಗೆ ಹಿಡಿಕೆಯನ್ನು ಒಳಗೆ ತುರುಕಿದರೆ ಅಂಗೈಯಗಲದ ತ್ರಿಕೋನ. ಇದು ಚೌಕವಾಗಿತ್ತು. ನಾಲ್ಕೂ ಅಂಚು ಗೆರೆ ಎಳೆದ ಹಾಗೆ, ಹಿಡಿಕೆಗಳು ಒಂದರೊಳಗೊಂದು ಸಿಕ್ಕಿಸಿ. ಮೂಗಿನ ಹತ್ತಿರ ಹಿಡಿದಳು. ನೀಲಿ ಬಾರ್ ಸೋಪಿನ ವಾಸನೆ. ಅವಳ ಮನೆಯಲ್ಲಿ ಪುಡಿ ಸೋಪು ಬಂದು ಹತ್ತು ವರ್ಷವಾಗಿತ್ತು.

ಮಂಗಳವಾರ ಎಣಿಸಿದಾಗ ಮೂವತ್ತಿದ್ದವು. ಬುಧವಾರ ಮೂವತ್ತೊಂದು. ಅಂದರೆ ಚೀಲ ಮನೆಯಿಂದ ಹೋಗಿದೆ, ಯಾವಳದೋ ಹಗ್ಗದಲ್ಲಿ ಒಣಗಿದೆ, ಯಾವಳದೋ ಬೆರಳುಗಳು ಅದನ್ನು ನೀವಿ ನೀವಿ ಮಡಿಸಿವೆ, ಮತ್ತೆ ಏನೂ ಆಗಿಲ್ಲವೆಂಬಂತೆ ಮನೆಗೆ ಬಂದು ಕುಳಿತಿದೆ. ಚೀಲಕ್ಕೆ ಕಾಲಿಲ್ಲ. ಮನೆಯಲ್ಲಿ ಅವಳನ್ನು ಬಿಟ್ಟರೆ ಕಾಲಿರುವ ಪ್ರಾಣಿ ಗಂಡ ಲೆಬರ್ಟ್ ಒಬ್ಬನೇ.

ಜಮೈಕಾದ ಗುಡ್ಡಗಳ ನಡುವಿನ ಸ್ಪ್ರಿಂಗ್ ಬಾಟಮ್ ಎಂಬ ಆ ಊರಿನಲ್ಲಿ ಈ ಕರಿ ಚೀಲಕ್ಕೆ ಗುಲ್ಲಿನ ಚೀಲ ಎಂದೇ ಹೆಸರು. ಪೇಟೆಯಿಂದ ಬರುವವರ ಕೈಯಲ್ಲಿ ಇದಿದ್ದರೆ ಒಳಗಿರುವುದು ಕೋಳಿಯ ಕಾಲೋ ಕೇಕೋ, ರಮ್ ಬಾಟಲಿಯೋ ಬೈಬಲ್ಲೋ, ನೋಡುವವರಿಗೆ ತಿಳಿಯದು. ತಿಳಿಯದ ಮೇಲೆ ಗುಲ್ಲೆಬ್ಬಿಸುವುದು ಹೇಗೆ? ಬಡವರ ಮಾನ ಮುಚ್ಚಲು ಇದಕ್ಕಿಂತ ಅಗ್ಗದ ಹೊದಿಕೆ ಇರಲಿಲ್ಲ. ಆಮೇಲೆ ಸರಕಾರ ಅದನ್ನು ನಿಷೇಧಿಸಿತು. ಚರಂಡಿಗಳಲ್ಲಿ ಚೀಲ ಕಟ್ಟಿಕೊಂಡು ಮಳೆ ಬಂದಾಗ ಕೆಳಗಿನ ಬೀದಿ ಮುಳುಗುತ್ತಿತ್ತು, ಬೆಸ್ತರ ಬಲೆಗೆ ಮೀನಿಗಿಂತ ಚೀಲವೇ ಹೆಚ್ಚು ಬೀಳುತ್ತಿತ್ತು. ನಿಲ್ಲಿಸಿದ್ದು ಸರಿಯೇ ಎಂದು ಚರ್ಚಿನ ಹೆಂಗಸರ ಸಭೆಯಲ್ಲಿ ಎದ್ದು ನಿಂತು ಹೇಳಿದವಳು ಐಸಿಲ್ಡಾಳೇ. ಹಿಟ್ಟಿನ ಮೂಟೆಯ ಬಟ್ಟೆಯಲ್ಲಿ ಚೀಲ ಹೊಲಿದು ಮನೆಮನೆಗೆ ಕೊಟ್ಟವಳೂ ಅವಳೇ. ಆದರೆ ಉಪದೇಶ ಮಾಡುವುದು ಬೇರೆ, ಮನೆಯಲ್ಲಿರುವುದನ್ನು ಎಸೆಯುವುದು ಬೇರೆ. ಇನ್ನು ಮುಂದೆ ಸಿಗದ ಆ ಮೂವತ್ತೊಂದು ಚೀಲಗಳನ್ನು ಅವಳು ತಾಯಿಯ ಬೆಳ್ಳಿ ಚಮಚಗಳಿಗಿಂತ ಜೋಪಾನವಾಗಿ ನೋಡಿಕೊಳ್ಳುತ್ತಿದ್ದಳು.

ಅನುಮಾನ ಎನ್ನುವುದು ಒಂಟಿಯಾಗಿ ಬರುವ ನೆಂಟನಲ್ಲ. ಬಳಗವನ್ನೆಲ್ಲ ಕರೆದುಕೊಂಡೇ ಬರುತ್ತದೆ. ಚೌಕದ ಮಡಿಕೆ ಕೈಗೆ ಸಿಕ್ಕಿದ ಮೇಲೆ ಐಸಿಲ್ಡಾಳಿಗೆ ಕಳೆದ ಮೂರು ತಿಂಗಳಲ್ಲಿ ಕಂಡೂ ಕಾಣದಂತಿದ್ದದ್ದೆಲ್ಲ ಸಾಲುಗಟ್ಟಿ ನಿಂತಿತು. ಲೆಬರ್ಟ್ ಹಿಂದಿನ ಕೋಣೆಗೆ ಮಲಗಲು ಹೋಗಿದ್ದ. ಅವಳ ಗೊರಕೆಯಂತೆ! ನಲವತ್ತೊಂದು ವರ್ಷ ಕೇಳಿಸದ ಗೊರಕೆ ಈಗ ಕೇಳಿಸಿತಂತೆ. ಸಂಜೆಯ ಪುದೀನ ಚಹಾ ಬೇಡವೆಂದಿದ್ದ. ಪೇಟೆಗೆ ಹೋದವನು ಆರು ಹೊಸ ಚಡ್ಡಿ ತಂದಿದ್ದ. ಅರವತ್ತೆಂಟರ ಗಂಡಸಿಗೆ ಒಂದೇ ಸಲ ಆರು! ಮೈಕೈ ನೋವಿಗೆ ತಿಕ್ಕಿಕೊಳ್ಳುವ ಬೇ ರಮ್ ಎಂಬ ಪರಿಮಳದ ದ್ರವವನ್ನು ಈಗ ಸ್ನಾನ ಮಾಡುವ ಹಾಗೆ ಮೈಗೆಲ್ಲ ಸುರಿದುಕೊಳ್ಳುತ್ತಿದ್ದ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಗೆಡ್ಡೆಯ ತೋಟಕ್ಕೆಂದು ಹೊರಡುತ್ತಿದ್ದವನು ಬರಿಗೈಯಲ್ಲಿ ವಾಪಸಾಗುತ್ತಿದ್ದ.

ಆ ಮಧ್ಯಾಹ್ನ ಉಪ್ಪುಮೀನು, ಬೇಯಿಸಿದ ಬಾಳೆಕಾಯಿ ಬಡಿಸುತ್ತ ಅವಳು ಕೇಳಿದಳು.

"ತೋಟದಲ್ಲಿ ಗೆಡ್ಡೆ ಹೆಂಗಿದೆ?"

"ಇದೆ."

"ಇದೆ ಅಂದ್ರೆ? ಬಳ್ಳಿಗೆ ಕೋಲು ಕೊಟ್ಟೆಯಾ?"

"ಕೊಟ್ಟೆ, ಐಸಿ. ತಿನ್ನಕ್ಕೆ ಬಿಡ್ತೀಯಾ?"

"ತಿನ್ನು, ತಿನ್ನು. ಯಾರು ಬೇಡ ಅಂದ್ರು? ಬಾಗಿಲ ಹಿಂದಿನ ಚೀಲ ಏನಾದ್ರೂ ತಗೊಂಡಿದ್ಯಾ?"

ಲೆಬರ್ಟನ ಫೋರ್ಕು ತಟ್ಟೆಯ ಮೇಲೆ ನಿಂತಿತು. ಅವನ ಇನ್ನೊಂದು ಕೈ ತನಗೆ ತಿಳಿಯದ ಹಾಗೆ ಮೇಜಿನ ಕೆಳಗೆ ಜಾರಿ ಪ್ಯಾಂಟನ್ನು ಮುಟ್ಟಿ ನೋಡಿಕೊಂಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನದು ಅದಕ್ಕಿಂತ ಕೆಟ್ಟ ಜಾಗ ಎಂದು ಐಸಿಲ್ಡಾ ಮನಸ್ಸಿನಲ್ಲೇ ಹಲ್ಲು ಕಡಿದಳು.

"ಚೀಲಾನಾ? ನಂಗ್ಯಾಕೆ ಚೀಲ?" ಎಂದ ಅವನು.

ಬಾಯಿಬಿಟ್ಟು ಕೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ. ಆದರೆ ಕೇಳಲು ಅವಳಿಗೆ ಭಯವಾಯಿತು. ಅವನು ಹೌದು ಎಂದುಬಿಟ್ಟರೆ? ಈ ವಯಸ್ಸಿನಲ್ಲಿ ಗಂಡ ಕೈಬಿಟ್ಟರೆ ಉಳಿಯುವುದು ಮನೆ, ಹೊಲಿಗೆ ಯಂತ್ರ, ಮತ್ತು ಊರಿನ ಬಾಯಿ. ಊರಿನ ಬಾಯಿ ಎಂಥದ್ದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅದರ ಅರ್ಧ ಹಲ್ಲುಗಳು ಅವಳವೇ.

ನಾಲ್ಕು ವರ್ಷದ ಹಿಂದೆ ಸುಗ್ಗಿಯ ಭಾನುವಾರದ ಪ್ರಾರ್ಥನೆಯಲ್ಲಿ ಅಂಚೆಕಚೇರಿಯ ಎಗ್ಬರ್ಟ್, ಊರಿನವರು ಹಿರಿಯ ಗಂಡಸರಿಗೆ ಮರ್ಯಾದೆಯಿಂದ ಹೇಳುವಂತೆ ಮಾಸ್ ಎಗ್ಬರ್ಟ್, ಹಾಡು ಎತ್ತಿಕೊಡಲು ಎದ್ದು ನಿಂತಾಗ ಅವನ ಖಾಕಿ ಪ್ಯಾಂಟು ಒದ್ದೆಯಾಗಿತ್ತು. ಕಂಡವರು ಕಣ್ಣು ತಗ್ಗಿಸಿದ್ದರು. ಹೊರಗೆ ಜೀಗುಜ್ಜೆ ಮರದ ಕೆಳಗೆ ಬಂದಮೇಲೆ ಐಸಿಲ್ಡಾಳೇ, "ಊರಿಗೆ ನಲ್ಲಿ ಬೇಕು ಅಂತ ಅರ್ಜಿ ಕೊಡೋದು ಬೇಡ ಬಿಡಿ, ಮಾಸ್ ಬೀದಿನಲ್ಲಿ ಇದಾರಲ್ಲ!" ಎಂದಿದ್ದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. 'ಬೀದಿನಲ್ಲಿ' ಎಂಬ ಆ ಹೆಸರು ವಾರದೊಳಗೆ ಪಕ್ಕದೂರಿಗೂ ಮುಟ್ಟಿತು. ಎಗ್ಬರ್ಟ್ ಆಮೇಲೆ ಚರ್ಚಿಗೆ ಬರಲಿಲ್ಲ. ಆ ದಿನ ನಗದಿದ್ದವನು ಲೆಬರ್ಟ್ ಒಬ್ಬನೇ. "ನಾಲಿಗೆಗೆ ಎಲುಬಿಲ್ಲ, ಐಸಿ," ಎಂದಷ್ಟೇ ಹೇಳಿ ಮುಂದೆ ನಡೆದಿದ್ದ. ಈಗ ತನಗೆ ಊರು ಯಾವ ಹೆಸರು ಇಟ್ಟೀತು ಎಂದು ಐಸಿಲ್ಡಾ ಒಂದೊಂದನ್ನೇ ಊಹಿಸಿ ನೋಡಿಕೊಂಡಳು.

ಗುರುವಾರ ಬೇಲಿಯಾಚೆಯ ವಿನೆಟ್ ಬಂದಳು. ನಲವತ್ತರ ಹೆಂಗಸು; ಸಕ್ಕರೆ ಕೇಳುವ ನೆಪದಲ್ಲಿ ಸುದ್ದಿ ಕೊಟ್ಟು ಹೋಗುವವಳು.

"ಮಿಸ್ ಐಸಿ, ಮಾಸ್ ಲೆಬರ್ಟ್ ತೋಟ ಗುಡ್ಡದ ಮೇಲಿಂದ ನದಿ ಹತ್ರ ಇಳಿದು ಬಂತಾ?"

"ಯಾಕೆ?"

"ಏನಿಲ್ಲಪ್ಪ. ಮಂಗಳವಾರ ನದಿ ದಾರೀಲಿ ಇಳೀತಿದ್ರು. ಕೈಯಲ್ಲಿ ಗುಲ್ಲಿನ ಚೀಲ. ಗುಡ್ ಮಾರ್ನಿಂಗ್ ಅಂದೆ. ಚೀಲಾನ ಬೆನ್ನ ಹಿಂದೆ ಇಟ್ಕೊಂಡ್ರು, ಸ್ಕೂಲ್ ಹುಡುಗ್ರ ಥರ." ವಿನೆಟ್ ಸಕ್ಕರೆಯ ಲೋಟವನ್ನು ಕೈಯಲ್ಲೇ ತಿರುಗಿಸಿದಳು. "ನದಿ ದಾರೀಲಿ ಯಾರಿದಾರೆ ಹೇಳಿ. ಮಿಸ್ ರೋಸ್ಲಿನ್ ಇದಾರೆ. ಪಾಪ, ಗಂಡ ಸತ್ತು ಎರಡು ವರ್ಷ. ಒಳ್ಳೇ ಹೆಂಗಸು. ತುಂಬಾ ಶುಚಿ."

"ಶುಚಿ" ಎಂಬ ಮಾತು ಐಸಿಲ್ಡಾಳ ಎದೆಗೆ ನಾಟಿತು. ಚೌಕದ ಮಡಿಕೆ ಕಣ್ಣಮುಂದೆ ಬಂತು. ನಾಲ್ಕು ಸಮ ಅಂಚು! ಗಂಡನಿಲ್ಲದವಳಿಗೆ ಚೀಲ ನೀವಿ ನೀವಿ ಮಡಿಸಲು ಬೇಕಾದಷ್ಟು ಹೊತ್ತು. ಚೀಲದೊಳಗೆ ಏನು ಹೋಗುತ್ತದೆ? ತನ್ನ ತೋಟದ ಗೆಡ್ಡೆಯೇ? ತನ್ನ ಕೋಳಿಯ ಮೊಟ್ಟೆಯೇ? ತಾನು ಇವನಿಗಾಗಿ ಮುಚ್ಚಿಟ್ಟ ಸಿಹಿರೊಟ್ಟಿಯೇ? ಹೋಗುವುದು ಹೋಗಲಿ, ಚೀಲ ತೊಳೆದು ವಾಪಸ್ಸು ಬೇರೆ ಕಳಿಸುತ್ತಾಳಲ್ಲ, ಸಾಲ ತೀರಿಸಿದ ಹಾಗೆ!

"ನಾಳೆ ಶುಕ್ರವಾರ. ನೀನೂ ಬಾ ನಂಜೊತೆ," ಎಂದಳು.

"ನಾನ್ಯಾಕೆ ಮಿಸ್ ಐಸಿ, ಬೇರೆಯವರ ಮನೆ ವಿಷಯ," ಎಂದ ವಿನೆಟ್‌ಳ ಕಾಲು ಆಗಲೇ ಹೊರಟಂತಿತ್ತು.

ಸ್ಪ್ರಿಂಗ್ ಬಾಟಮ್‌ನಲ್ಲಿ ಒಬ್ಬರು ಕಂಡದ್ದು ಹೊಟ್ಟೆಕಿಚ್ಚು. ಇಬ್ಬರು ಕಂಡದ್ದು ಸತ್ಯ. ಐಸಿಲ್ಡಾಳಿಗೆ ಸಾಕ್ಷಿ ಬೇಕಿತ್ತು.

ಶುಕ್ರವಾರ ಬೆಳಿಗ್ಗೆ ಅವಳು ಬೇಕೆಂದೇ ಕೋಳಿಗೂಡಿನ ಕಡೆ ಹೋದಳು. ಅಡುಗೆಮನೆಯಿಂದ ಪ್ಲಾಸ್ಟಿಕ್ಕಿನ ಸರಸರ ಸದ್ದು ಕೇಳಿಸಿತು. ಲೆಬರ್ಟ್ ಮೊದಲು ಹಿಂದಿನ ಕೋಣೆಗೆ ಹೋದ, ಆಮೇಲೆ ಹೊರಬಂದ. ಕೈಯಲ್ಲಿ ಕರಿ ಚೀಲ, ಬಾಯಿಗೆ ಬಿಗಿಯಾದ ಗಂಟು, ಬುಡ ಭಾರವಾಗಿ ಜೋತಿತ್ತು. ಅವಳು ಹೊಲಿದುಕೊಟ್ಟ ಬಟ್ಟೆ ಚೀಲ ಪಕ್ಕದ ಮೊಳೆಯಲ್ಲೇ ಇತ್ತು. ಅದನ್ನು ಅವನು ಕಣ್ಣೆತ್ತಿಯೂ ನೋಡಿರಲಿಲ್ಲ.

"ತೋಟಕ್ಕೆ ಹೋಗ್ಬರ್ತೀನಿ, ಐಸಿ."

"ಹೋಗ್ಬಾ. ಬಿಸಿಲು ಜೋರಿದೆ, ತಲೆ ಜೋಪಾನ."

ಅವನ ಟೋಪಿ ತಿರುವಿನಲ್ಲಿ ಮರೆಯಾಗುತ್ತಲೇ ಹೆಂಗಸರಿಬ್ಬರೂ ಹೊರಟರು. ಲೆಬರ್ಟ್ ಗುಡ್ಡ ಹತ್ತಲಿಲ್ಲ. ನದಿ ದಾರಿ ಹಿಡಿದ. ವಿನೆಟ್ "ಹೇಳ್ಲಿಲ್ವಾ" ಎಂಬಂತೆ ಮೊಣಕೈಯಿಂದ ತಿವಿದಳು. ಐಸಿಲ್ಡಾ ದಾರಿಯುದ್ದಕ್ಕೂ ರೋಸ್ಲಿನ್‌ಳಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಳು. ಮೊದಲು ಬೈಬಲ್ಲಿನ ಮಾತು, ಆಮೇಲೆ ಬೈಬಲ್ಲಿನಲ್ಲಿ ಇಲ್ಲದ ಮಾತು.

ರೋಸ್ಲಿನ್ ಜಗಲಿಯಲ್ಲಿ ಕುಳಿತು ತೊಗರಿಕಾಯಿ ಬಿಡಿಸುತ್ತಿದ್ದಳು. ಲೆಬರ್ಟ್ ಅವಳ ಮನೆಯ ಮುಂದೆ ಬಂದ. ಟೋಪಿ ಎತ್ತಿದ. ಮುಂದೆ ಹೋದ.

ಐಸಿಲ್ಡಾ ನಿಂತಲ್ಲೇ ನಿಂತಳು. ಅವಳಿಗೆ ಸಮಾಧಾನವಾಗಬೇಕಿತ್ತು, ಆದರೆ ನಿಜ ಹೇಳಬೇಕೆಂದರೆ ಕೋಪವೇ ಬಂತು. ಅಷ್ಟು ಚಂದವಾಗಿ ಜೋಡಿಸಿಕೊಂಡ ಬೈಗುಳವನ್ನು ಈಗ ಯಾರ ತಲೆಗೆ ಕಟ್ಟುವುದು?

"ಇದು ನಾಟಕ ಮಿಸ್ ಐಸಿ. ನಮ್ಮನ್ನ ನೋಡಿರ್ಬೇಕು," ಎಂದು ವಿನೆಟ್ ಪಿಸುಗುಟ್ಟಿದಳು. "ನೀವು ಮುಂದೆ ಹೋಗಿ. ನಾನು ಇವಳ ಹತ್ರ ತೊಗರಿ ಬಿಡಿಸ್ತಾ ಬಾಯಿ ಬಿಡಿಸ್ತೀನಿ."

ಅಲ್ಲಿಂದ ಮುಂದಕ್ಕಿದ್ದದ್ದು ಒಂದೇ ಮನೆ. ಅಲ್ಲಿ ಹೆಂಗಸರಿರಲಿಲ್ಲ. ಆ ಮನೆಯ ಅಂಗಳಕ್ಕೆ ಆಳೆತ್ತರದ ಕ್ರೋಟನ್ ಬೇಲಿ. ಐಸಿಲ್ಡಾ ಎಲೆಗಳನ್ನು ಎರಡು ಬೆರಳಿನಲ್ಲಿ ಸರಿಸಿ ಕಣ್ಣಿಟ್ಟಳು.

ಅಂಗಳದಲ್ಲಿ ಎರಡು ತೊಟ್ಟಿ, ಎರಡು ಮಣೆ. ಒಂದರ ಮೇಲೆ ಮಾಸ್ ಎಗ್ಬರ್ಟ್, ಇನ್ನೊಂದರ ಮೇಲೆ ಲೆಬರ್ಟ್. ಲೆಬರ್ಟ್ ಚೀಲದ ಗಂಟು ಬಿಚ್ಚಿ ಒಳಗಿದ್ದದ್ದನ್ನು ತೊಟ್ಟಿಗೆ ಸುರಿದ. ಒದ್ದೆ ಪೈಜಾಮ. ಒದ್ದೆ ಹಾಸಿಗೆ ವಸ್ತ್ರ. ಆ ಆರು ಹೊಸ ಚಡ್ಡಿಗಳಲ್ಲಿ ನಾಲ್ಕು. ಬಟ್ಟೆ ಚೀಲದಲ್ಲಿ ಹಾಕಿದ್ದರೆ ದಾರಿಯುದ್ದಕ್ಕೂ ತೊಟ್ಟಿಕ್ಕುತ್ತಿತ್ತು. ಎಗ್ಬರ್ಟ್ ಖಾಲಿ ಚೀಲ ತೆಗೆದುಕೊಂಡು, ನೀಲಿ ಸೋಪು ಹಚ್ಚಿ, ತೊಳೆದು ಹಗ್ಗಕ್ಕೆ ಸಿಕ್ಕಿಸಿದ. ಸುಡುಬಿಸಿಲಿಗೆ ಅದು ನೋಡನೋಡುತ್ತಲೇ ಒಣಗಿತು. ಅದನ್ನು ಇಳಿಸಿ ಮೊಣಕಾಲ ಮೇಲೆ ಹರಡಿ, ಮೂವತ್ತು ವರ್ಷ ಅಂಚೆಕಚೇರಿಯಲ್ಲಿ ಪಾರ್ಸೆಲು ಕಟ್ಟಿದ ಕೈಯಿಂದ, ಚೌಕವಾಗಿ ಮಡಿಸತೊಡಗಿದ.

"ನಿನ್ನೆ ರಾತ್ರಿ ಮೂರು ಸಲ," ಎಂದ ಲೆಬರ್ಟ್. "ಗೊತ್ತೇ ಆಗಲ್ಲ ಕಣೋ. ಎಚ್ಚರ ಆಗೋ ಹೊತ್ತಿಗೆ ಎಲ್ಲಾ ಮುಗಿದಿರುತ್ತೆ."

"ಕ್ಲಿನಿಕ್‌ಗೆ ಹೋಗು ಅಂದ್ರೆ ಕೇಳಲ್ಲ. ಸಣ್ಣದಿದ್ರೆ ಮಾತ್ರೆ. ದೊಡ್ಡದಿದ್ರೆ ಈಗ್ಲೇ ಗೊತ್ತಾಗ್ಬೇಕು. ನಾನು ತಡ ಮಾಡಿದ್ದು ಸಾಲ್ದಾ?"

"ಅಲ್ಲಿ ಹೆಸರು ಕೂಗಿ, ಏನು ಕಾಯಿಲೆ ಅಂತ ಎಲ್ಲರ ಮುಂದೇನೇ ಕೇಳ್ತಾರೆ. ಬೆಂಚ್ ಮೇಲೆ ಕೂತಿರೋರೆಲ್ಲ ನಮ್ಮೂರೋರು."

"ಹೋಗ್ಲಿ, ಐಸಿಲ್ಡಾಗಾದ್ರೂ ಹೇಳು."

"ಐಸಿಗಾ?" ಲೆಬರ್ಟ್ ನಕ್ಕ. ಅಂಥ ನಗುವನ್ನು ಐಸಿಲ್ಡಾ ನಲವತ್ತೊಂದು ವರ್ಷದಲ್ಲಿ ಕೇಳಿರಲಿಲ್ಲ. "ನಿಂಗೆ ಹೆಸರಿಟ್ಟೋರು ಯಾರು ಅಂತ ಮರೆತ್ಯಾ?"

"ಮರೆಯೋಕಾಗುತ್ತಾ? ಒಳ್ಳೇ ಹೆಸರೇ ಇಟ್ಟಳು. ಈ ಊರಲ್ಲಿ ತಪ್ಪದೆ ನೀರು ಬರೋ ನಲ್ಲಿ ಇದೊಂದೇ." ಎಗ್ಬರ್ಟ್ ಚೀಲದ ಹಿಡಿಕೆಗಳನ್ನು ಒಂದರೊಳಗೊಂದು ಸಿಕ್ಕಿಸಿ ಗೆಳೆಯನ ಕೈಗಿಟ್ಟ. "ತಗೋ. ಎಣಿಸ್ತಾಳೆ ಅಂದ್ಯಲ್ಲ."

ಐಸಿಲ್ಡಾ ಬೇಲಿಯಿಂದ ಕೈ ತೆಗೆದಳು. ಎಲೆಗಳು ಮುಚ್ಚಿಕೊಂಡವು. ಅವಳಿಗೆ ನಾಚಿಕೆಯಾಯಿತು, ಅದು ಮೈಗೆ ಬಿಸಿನೀರು ಸುರಿದಂಥ ನಾಚಿಕೆ. ಮೂರು ತಿಂಗಳು ಅವನು ಊರಿಗೆ ಹೆದರಿ ಬಚ್ಚಿಟ್ಟುಕೊಂಡಿರಲಿಲ್ಲ. ಅವಳಿಗೆ ಹೆದರಿ ಬಚ್ಚಿಟ್ಟುಕೊಂಡಿದ್ದ. ಒಳಗೆ ಏನೋ ರೋಗ ಬೆಳೆಯುತ್ತಿದೆಯೋ ಏನೋ, ಹೆಂಡತಿಯ ಬಾಯಿಗೆ ಬೀಳುವುದಕ್ಕಿಂತ ಅದೇ ವಾಸಿ ಎಂದುಕೊಂಡಿದ್ದ.

ಹಿಂದಿನಿಂದ ಚಪ್ಪಲಿಯ ಪಟಪಟ ಸದ್ದು. ವಿನೆಟ್ ಓಡುತ್ತ ಬರುತ್ತಿದ್ದಳು, ಕಣ್ಣು ಎರಡೂ ಬೇಲಿಯ ಮೇಲೆ.

"ರೋಸ್ಲಿನ್ ಬಾಯೇ ಬಿಡ್ತಿಲ್ಲ. ಇದು ಬೀದಿನಲ್ಲಿ ಮನೆ ಅಲ್ವಾ? ಇಲ್ಲಿ ಏನು ಮಾಡ್ತಿದಾರೆ? ಚೀಲದಲ್ಲಿ ಏನಿತ್ತು? ಸರೀರಿ, ನೋಡ್ತೀನಿ."

ಐಸಿಲ್ಡಾ ಸರಿಯಲಿಲ್ಲ. ಬೇಲಿಗೆ ಬೆನ್ನು ಕೊಟ್ಟು ದಾರಿ ತುಂಬ ನಿಂತಳು. ವಿನೆಟ್‌ಗೆ ಏನೂ ಸಿಗದಿದ್ದರೆ ನಾಳೆ ಒಬ್ಬಳೇ ಬಂದು ಇಣುಕುತ್ತಾಳೆ. ಹಸಿದ ನಾಯಿಯನ್ನು ಓಡಿಸಬೇಕಾದರೆ ಮೂಳೆ ಎಸೆಯಲೇಬೇಕು. ಎಸೆಯಲು ಅವಳ ಹತ್ತಿರ ಇದ್ದದ್ದು ಒಂದೇ ಮೂಳೆ.

"ನಂದು ಕಣೇ, ವಿನೆಟ್. ನನ್ನ ಬಟ್ಟೆ."

"ನಿಮ್ದಾ?"

"ವಯಸ್ಸಾಯ್ತಲ್ಲ. ರಾತ್ರಿ ಹಾಸಿಗೇಲೇ ಆಗೋಗುತ್ತೆ. ಮನೇಲಿ ಹಗ್ಗದ ಮೇಲೆ ಹಾಕಿದ್ರೆ ನೀವೆಲ್ಲ ನೋಡ್ತೀರಲ್ಲ, ಅದಕ್ಕೆ ಲೆಬರ್ಟ್ ಇಲ್ಲಿ ತಂದು ಒಗೀತಾನೆ."

ವಿನೆಟ್‌ಳ ಬಾಯಿ ತೆರೆಯಿತು. ಆಮೇಲೆ ಅವಳ ಕಣ್ಣು ಕಿರಿದಾಯಿತು. ಅನುಮಾನದಲ್ಲಿ ಅವಳೇನೂ ಐಸಿಲ್ಡಾಳಿಗೆ ಕಡಿಮೆಯಿರಲಿಲ್ಲ. "ಹಂಗಾದ್ರೆ ನಾವ್ಯಾಕೆ ಅವರ ಹಿಂದೆ ಬಂದ್ವಿ?"

"ತಾನೇ ಒಗೀತಾನೋ ಇಲ್ಲ ರೋಸ್ಲಿನ್ ಕೈಲಿ ಒಗೆಸಿ ನನ್ನ ಮಾನ ಕಳೀತಾನೋ ನೋಡೋಕೆ. ತಾನೇ ಒಗೀತಿದಾನೆ. ನಡಿ." ಎರಡು ಹೆಜ್ಜೆ ನಡೆದು ಮತ್ತೆ ಹೇಳಿದಳು. "ಯಾರಿಗೂ ಹೇಳಬೇಡ, ವಿನೆಟ್. ನಿಂಗೆ ಕೈ ಮುಗೀತೀನಿ."

"ಅಯ್ಯೋ, ನಾನಾ? ನನ್ನ ಬಾಯಿಂದ ಬರುತ್ತಾ ಮಿಸ್ ಐಸಿ?" ಎಂದಳು ವಿನೆಟ್. ದಾರಿಯಲ್ಲಿ ಸಾಬೂನು ಕೊಳ್ಳುವುದಿದೆ ಎಂದು ಅಂಗಡಿಯ ಕಡೆ ತಿರುಗಿದಳು.

ಮಧ್ಯಾಹ್ನ ಲೆಬರ್ಟ್ ತಡವಾಗಿ ಮನೆಗೆ ಬಂದ. ಐಸಿಲ್ಡಾ ಹೊಲಿಗೆ ಯಂತ್ರದ ಮುಂದಿದ್ದಳು. ಅವನು ಬಾಗಿಲಲ್ಲೇ ನಿಂತು ಟೋಪಿಯನ್ನು ಕೈಯಲ್ಲಿ ತಿರುಗಿಸಿದ.

"ಅಂಗಡಿಗೆ ಹೋಗಿದ್ದೆ," ಎಂದ. "ನಿಂಗೊಂದು ಹೆಸರಿಟ್ಟಿದಾರೆ."

"ಏನಂತೆ?"

"ಮಿಸ್ ತೂತುಬಕೆಟ್."

ಐಸಿಲ್ಡಾ ಪೆಡಲ್ ನಿಲ್ಲಿಸಲಿಲ್ಲ. "ನಾನಿಟ್ಟಿದ್ದು ಇದಕ್ಕಿಂತ ಚೆನ್ನಾಗಿತ್ತು. ಈ ಊರಲ್ಲಿ ಬುದ್ಧಿ ಇರೋರೇ ಇಲ್ಲ."

ಅವನು ಅಡುಗೆಮನೆಗೆ ಹೋದ. ಮೊಳೆಯ ಮೇಲಿನ ಚೀಲಕ್ಕೆ ಚೌಕದ ಚೀಲವನ್ನು ಸೇರಿಸುವ ಸರಸರ ಸದ್ದು ಕೇಳಿಸಿತು. ಈಗ ಮರೆಮಾಚುವ ಅವಸರ ಅದರಲ್ಲಿರಲಿಲ್ಲ. ವಾಪಸು ಬಂದವನ ಕಣ್ಣು ಯಂತ್ರದ ಕೆಳಗೆ ಹರಿಯುತ್ತಿದ್ದ ಕಪ್ಪು ಬಟ್ಟೆಯ ಮೇಲೆ ನಿಂತಿತು.

"ಅದು ನನ್ನ ಮಳೆಕೋಟು."

"ಆಗಿತ್ತು. ತೋಳು ಹರಿದು ಮೂರು ವರ್ಷ ಆಯ್ತು. ಚೀಲ ಆಗ್ತಿದೆ. ಒಳಗಿನ ನೀರು ಹೊರಗೆ ಬರಲ್ಲ, ಹೊರಗಿನ ಕಣ್ಣು ಒಳಗೆ ಹೋಗಲ್ಲ. ಆ ಪ್ಲಾಸ್ಟಿಕ್ ಇನ್ನೆಷ್ಟು ಸಲ ತೊಳೆದ್ರೆ ತಡೆಯುತ್ತೆ?" ಹೊಲಿದು ಮುಗಿದದ್ದನ್ನು ಅವಳು ಮೇಜಿನ ಮೇಲಿಟ್ಟಳು. ಅದರ ಪಕ್ಕದಲ್ಲಿ ಅಂಥದ್ದೇ ಇನ್ನೊಂದಿತ್ತು. "ಅದು ಮಾಸ್ ಎಗ್ಬರ್ಟ್‌ದು. ಅದನ್ನ ನೀನು ಕೊಡಬೇಡ. ನಾನೇ ಹೋಗಿ ಕೊಡ್ತೀನಿ. ಮುಖಕ್ಕೆ ಉಗಿದ್ರೂ ಪರವಾಗಿಲ್ಲ."

"ಉಗಿಯಲ್ಲ," ಎಂದ ಲೆಬರ್ಟ್. "ಚಹಾ ಕೊಡ್ತಾನೆ. ಅದು ಇನ್ನೂ ಕಷ್ಟ."

ಐಸಿಲ್ಡಾ ದಾರ ಕಡಿದಳು. ತಲೆಯೆತ್ತದೆ ಮಾತಾಡಿದಳು, ಏಕೆಂದರೆ ತಲೆಯೆತ್ತಿದರೆ ಮಾತು ನಿಂತುಹೋಗುತ್ತಿತ್ತು.

"ಬುಧವಾರ ಕ್ಲಿನಿಕ್‌ಗೆ ದೊಡ್ಡ ಡಾಕ್ಟರ್ ಬರ್ತಾರೆ. ನನ್ನ ಹೆಸರೂ ನಿನ್ನ ಹೆಸರೂ ಎರಡೂ ಬರೆಸ್ತೀನಿ. ಏನಮ್ಮಾ ಕಾಯಿಲೆ ಅಂತ ಕೂಗಿ ಕೇಳಿದ್ರೆ ನಾನೇ ಕೂಗಿ ಹೇಳ್ತೀನಿ. ಊರಿಗೆಲ್ಲ ಗೊತ್ತಿರೋದೇ ತಾನೇ. ನೀನು ಜೊತೆಗೆ ಬಂದ ಗಂಡ. ಒಳಗೆ ಹೋಗಿ ಪರದೆ ಎಳೆದ ಮೇಲೆ ಮಂಚ ಹತ್ತಿದ್ದು ಯಾರು ಅಂತ ಬೆಂಚಿನವರಿಗೆ ಕಾಣುತ್ತಾ?"

ಲೆಬರ್ಟ್ ಟೋಪಿಯನ್ನು ಮುಖಕ್ಕೆ ಅಡ್ಡ ಹಿಡಿದು ಸ್ವಲ್ಪ ಹೊತ್ತು ನಿಂತ. ಆಮೇಲೆ ಮಲಗುವ ಕೋಣೆಗೆ ಹೋದ. ಅಲ್ಲಿ ಅವರ ಹಳೆಯ ಮಂಚದ ಮೇಲೆ, ಮೂರು ತಿಂಗಳಿನಿಂದ ಖಾಲಿಯಿದ್ದ ಅವನ ಬದಿಯಲ್ಲಿ, ಹಾಸಿಗೆ ವಸ್ತ್ರದ ಅಂಚು ಮೇಲಕ್ಕೆ ಮಡಿಚಿತ್ತು. ಕೆಳಗೆ ಮಳೆಕೋಟಿನ ಬೆನ್ನಿನ ಭಾಗವನ್ನು ಬಿಗಿಯಾಗಿ ಹಾಸಿ, ನಾಲ್ಕೂ ಮೂಲೆಗೆ ಹೊಲಿಗೆ ಹಾಕಿತ್ತು.

ಯಂತ್ರದ ಮುಂದೆ ಕುಳಿತವಳಿಗೆ ಹಿಂದಿನ ಕೋಣೆಯ ಬಾಗಿಲು ಕಿರುಗುಟ್ಟಿದ್ದು ಕೇಳಿಸಿತು. ಲೆಬರ್ಟ್ ಕಂಕುಳಲ್ಲಿ ತಲೆದಿಂಬು ಇಟ್ಟುಕೊಂಡು ಅವಳೆದುರು ಹಾದುಹೋದ.

"ನೀನು ಗೊರಕೆ ಹೊಡೀತೀಯ," ಎಂದ.

"ಹೊಡೀತೀನಿ," ಎಂದಳು ಐಸಿಲ್ಡಾ.